ಮಾಸ್ತರರನ್ನು ಕುರ್ಚಿಯಿಂದ ಎಬ್ಬಿಸಿದ ರೇಡಿಯಂ ಅರ್ಜುನ

ಬೈಲಹೊಂಗಲದ ಹಳೆ ಪೇಟೆಯ ವಾಚನಾಲಯದಲ್ಲಿ ಒಂದು ಪದ್ಧತಿ ಇದೆ. ಸಂಜೆ ಐದಕ್ಕೆ ಪೇಪರ್ ಓದುವವರು ಎದ್ದು ಹೋದ ಮೇಲೆ ಕಿಟಕಿ ಪಕ್ಕದ ಮೇಜಿನ ಮೇಲೆ ಇಂಗ್ಲಿಷ್ ಅಕ್ಷರದಾಟದ ಹಲಗೆ ಹರಡುತ್ತಾರೆ. ಚೀಲದಲ್ಲಿ ಕೈ ಹಾಕಿ ಏಳು ಬಿಲ್ಲೆ ತೆಗೆಯುವುದು, ಬಂದ ಅಕ್ಷರಗಳಿಂದ ಪದ ಕಟ್ಟಿ ಹಲಗೆಯ ಮೇಲೆ ಇಡುವುದು, ಅಂಕ ಬರೆಯುವುದು. ಮೇಜಿಗೆ ಎರಡೇ ಕುರ್ಚಿ. ಉಳಿದವರೆಲ್ಲ ಗೋಡೆಗುಂಟ ನಿಂತು ನೋಡಬೇಕು. ಸೋತವನು ಏಳಬೇಕು, ಗೋಡೆಯ ಪಾಟಿಯ ಮೇಲೆ ಯಾರ ಹೆಸರು ಮೊದಲಿದೆಯೋ ಅವನು ಬಂದು ಕೂಡಬೇಕು. ಗೆದ್ದವನು ಗೆಲ್ಲುತ್ತಿರುವಷ್ಟು ದಿನ ಕೂತಿರಬಹುದು.

ಈ ಪದ್ಧತಿ ಮಾಡಿದವರು ಮುಕುಂದ ಮಾಸ್ತರು. ಒಂದು ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಪದ್ಧತಿ ಮಾಡಿದ ದಿನ ಕಿಟಕಿ ಕಡೆಯ ಕುರ್ಚಿಯಲ್ಲಿ ಕೂತರು. ಹನ್ನೊಂದು ವರ್ಷ ಅವರನ್ನು ಅಲ್ಲಿಂದ ಎಬ್ಬಿಸುವವನು ಹುಟ್ಟಲಿಲ್ಲ.

ಎಬ್ಬಿಸಿದವನು ಅರ್ಜುನ, ಐದನೆಯ ಇಯತ್ತೆಗೆ ಸಾಲಿ ಬಿಟ್ಟವನು. ಅದು ಹೇಗಾಯಿತು ಎಂದು ಊರಲ್ಲಿ ಹತ್ತು ಮಂದಿ ಹತ್ತು ನಮೂನೆ ಹೇಳುತ್ತಾರೆ. ನನ್ನ ಪಂಕ್ಚರ್ ಅಂಗಡಿಗೂ ಅವನ ರೇಡಿಯಂ ಅಂಗಡಿಗೂ ನಡುವೆ ಒಂದು ತಗಡು ಮಾತ್ರ ಇದೆ. ಆ ಆಟ ನಡೆದಾಗ ನಾನು ಅಲ್ಲೇ ನಿಂತಿದ್ದೆ. ಆದ್ದರಿಂದ ಉಳಿದವರು ಹೇಳಿದ್ದನ್ನು ಬಿಡಿ.

ಅರ್ಜುನನ ಊರು ಸವದತ್ತಿ ತಾಲೂಕಿನ ಹೂಲಿ. ತಂದೆ ಅಮೋಘಸಿದ್ದಪ್ಪ ಒಕ್ಕಲುತನದವರು, ಮನೆ ತುಂಬ ಮಕ್ಕಳು. ಹನ್ನೆರಡನೆಯ ವಯಸ್ಸಿಗೆ ಇವನನ್ನು ರಾಮದುರ್ಗದ ಒಬ್ಬ ಬೋರ್ಡ್ ಪೇಂಟರನ ಕೈಕೆಳಗೆ ಬಿಟ್ಟರು. ಬ್ರಶ್ ತೊಳೆಯುತ್ತ ತೊಳೆಯುತ್ತ ಅಕ್ಷರ ಬಿಡಿಸಲು ಕಲಿತ. ಮುಂದೆ ಬ್ರಶ್ಶಿನ ಕಾಲ ಮುಗಿದು ರೇಡಿಯಂ ಬಂತು, ಗಾಡಿಗಳಿಗೆ ಹಚ್ಚುವ ಹೊಳೆಯುವ ಸ್ಟಿಕರ್ ಹಾಳೆ. ಅರ್ಜುನ ಬೈಲಹೊಂಗಲಕ್ಕೆ ಬಂದು ಅಂಗಡಿ ಹಾಕಿದ. ಟ್ರಾಕ್ಟರಿನ ಹಿಂದೆ ದೇವರ ಹೆಸರು, ಮಕ್ಕಳ ಹೆಸರು, ಮೋಟರ್ ಸೈಕಲ್ಲಿಗೆ ನಂಬರು. ಇಂಗ್ಲಿಷಿನ ಇಪ್ಪತ್ತಾರೂ ಅಕ್ಷರಗಳನ್ನು ಗೆರೆ ಹಾಕದೆ ಬರಿಗೈಯಲ್ಲಿ ಕತ್ತರಿಸುತ್ತಾನೆ. ಆದರೆ ಅವನಿಗೆ ಅವು ಓದುವ ವಸ್ತು ಆಗಿರಲಿಲ್ಲ. ಎಸ್ ಅಂದರೆ ಬ್ಲೇಡು ಎರಡು ಸಲ ಸೊಂಟ ತಿರುಗಿಸಬೇಕು, ಎಂ ಅಂದರೆ ನಾಲ್ಕು ನೇರ ಏಟು, ಇಷ್ಟೇ.

ವಾಚನಾಲಯದ ಆಟದ ಬಿಲ್ಲೆಗಳು ಹಳತಾಗಿ ಅರ್ಧ ಕಳೆದುಹೋದಾಗ ಮುಕುಂದ ಮಾಸ್ತರು ಒಂದು ಚೀಟಿ ಹಿಡಿದು ಅವನಲ್ಲಿಗೆ ಬಂದರು. ಇ ಹನ್ನೆರಡು, ಎ ಒಂಬತ್ತು, ಕ್ಯೂ ಒಂದು, ಹೀಗೆ ಯಾವ ಅಕ್ಷರ ಎಷ್ಟು ಬೇಕೆಂಬ ಲೆಕ್ಕ. ಅರ್ಜುನ ಬಡಿಗೇರ ಹತ್ತಿರ ಸಾಗವಾನಿಯ ನೂರು ಬಿಲ್ಲೆ ಕೊಯ್ಯಿಸಿ, ಉಜ್ಜಿ, ಒಂದೊಂದರ ಮೇಲೂ ಕಪ್ಪು ರೇಡಿಯಂ ಅಕ್ಷರ ಕೂಡಿಸಿದ. ಒಯ್ದು ಕೊಟ್ಟವನು ಹಾಗೇ ಒಂದು ಆಟ ನೋಡಿಕೊಂಡು ಬಂದ. ಮರುದಿನವೂ ಹೋದ. ಮೂವತ್ತು ವರ್ಷ ಕತ್ತರಿಸಿದ ಅಕ್ಷರಗಳು ಒಂದರ ಪಕ್ಕ ಒಂದು ಕೂತು ಏನೋ ಆಗುತ್ತವೆ, ಅದಕ್ಕೆ ಅಂಕ ಬರುತ್ತದೆ ಎಂಬುದು ಅವನಿಗೆ ಹುಚ್ಚು ಹಿಡಿಸಿತು. ಎರಡು ತಿಂಗಳು ದಿನಾ ಸಂಜೆ ಗೋಡೆಗೆ ಆನಿಕೊಂಡು ನಿಂತು ನೋಡಿದ. ಸಣ್ಣ ಸಣ್ಣ ಪದ ತಿಳಿಯತೊಡಗಿದವು. ಒಂದು ದಿನ ಧೈರ್ಯ ಮಾಡಿ ಪಾಟಿಯ ಮೇಲೆ ತನ್ನ ಹೆಸರು ಬರೆದ.

ಅಂದು ಯಾರೋ ಗಿರಾಕಿ ಬಂದಿದ್ದರೆಂದು ಅವನನ್ನು ಕರೆಯಲು ಹೋಗಿದ್ದೆ. ಹೋದಾಗ ಅವನ ಪಾಳಿ ಬಂದಿತ್ತು. ಮಾಸ್ತರು ಕನ್ನಡಕ ಮೇಲೆತ್ತಿ ಪಾಟಿ ಓದಿದರು.

"ಯಾರಿದು ಅರ್ಜುನ?"

"ನಾನ್ರಿ ಸರ."

"ನೀನ? ಬಿಲ್ಲೆ ಮಾಡಿಕೊಟ್ಟಿ, ಛಲೋ ಮಾಡೀದಿ, ಅದಕ್ಕ ನಾ ಇಲ್ಲ ಅನ್ನೂದಿಲ್ಲ. ಆದ್ರ ಬ್ಯಾಟು ಮಾಡಿದ ಬಡಿಗ್ಯಾನ್ನ ಟೀಮಿನ್ಯಾಗ ತಗೋತಾರೇನು?"

ನಿಂತವರು ನಕ್ಕರು. ಅರ್ಜುನನೂ ನಗಲು ನೋಡಿದ. ಮಾಸ್ತರು ಕೂತಲ್ಲಿಂದಲೇ ಕೈ ಚಾಚಿ ಅಂಗೈಯಿಂದ ಅವನ ಹೆಸರನ್ನು ಒರೆಸಿದರು. ಒರೆಸಿದ ಕೈಯನ್ನು ಕರವಸ್ತ್ರಕ್ಕೆ ತಿಕ್ಕಿಕೊಂಡು, "ಟ್ರಾಕ್ಟರ ಹಿಂದ ಬರೀ ಹೋಗು. ಅಲ್ಲೆ ಅರ್ಥ ಕೇಳವ್ರು ಯಾರೂ ಇರೂದಿಲ್ಲ" ಎಂದರು.

ಮತ್ತೆ ನಗೆ. ನನ್ನ ಕೈಯಲ್ಲಿ ಟಯರ್ ಬಿಚ್ಚುವ ಕಬ್ಬಿಣದ ಪಟ್ಟಿ ಇತ್ತು. ಎರಡು ಹೆಜ್ಜೆ ಮುಂದೆ ಹೋಗಿದ್ದೆ ಕೂಡ. ಅರ್ಜುನ ನನ್ನ ಮಣಿಕಟ್ಟು ಹಿಡಿದು ಹೊರಗೆ ಎಳೆದುಕೊಂಡು ಬಂದ.

"ಬಿಡಲೇ ಕೈ" ಎಂದೆ. "ಒಂದ ಏಟಿಗೆ ಹಲ್ಲ ಕೈಯಾಗ ಕೊಡತೇನಿ."

"ಹೊಡದ್ರ ಅದು ಒಂದ ದಿನದ್ದು" ಎಂದ ಅರ್ಜುನ. "ನಾಳೆ ಪಟ್ಟಿ ಕಟಗೊಂಡು ಬಂದು ಮತ್ತ ಅದ ಕುರ್ಚಿಮ್ಯಾಲ ಕುಂದರತಾನು. ಹಂಗಲ್ಲ. ಅಂವ ಏಳಬೇಕು. ಇಷ್ಟು ಮಂದಿ ಮುಂದ ಆ ಕುರ್ಚಿ ಬಿಟ್ಟು ಎದ್ದು ಗ್ವಾಡಿಗೆ ನಿಂದರಬೇಕು. ನಾ ಕುಂತಿರಬೇಕು, ಅಂವ ನಿಂತಿರಬೇಕು. ಅದನ್ನ ನಾ ನೋಡಬೇಕು."

ಆ ದಿನದಿಂದ ಅವನಿಗೆ ಬೇರೆ ಯೋಚನೆಯೇ ಇರಲಿಲ್ಲ. ಉಣ್ಣುವಾಗ ಆ ಮಾತು, ಬೀಡಿ ಸೇದುವಾಗ ಆ ಮಾತು. ಸವದತ್ತಿ ಸಂತೆಗೆ ಹೋದಾಗ ರದ್ದಿ ಅಂಗಡಿಯಿಂದ ಒಂದು ಇಂಗ್ಲಿಷ್ ಡಿಕ್ಷನರಿ ಹೊತ್ತು ತಂದ. ಮೇಲಿನ ರಟ್ಟು ಇರಲಿಲ್ಲ, ಒಳಗೆ ಎಲ್ಲ ಇತ್ತು.

ಕಲಿಯುವ ರೀತಿಯೂ ಅವನದೇ. ಅಂಗಡಿಯಲ್ಲಿ ಒಂದು ಡಬ್ಬಿ ತುಂಬ ನಂಬರ್ ಪ್ಲೇಟಿನ ಪ್ಲಾಸ್ಟಿಕ್ ಅಕ್ಷರಗಳಿದ್ದವು. ಸರಕಾರದ ಹೊಸ ನಮೂನೆಯ ಪ್ಲೇಟು ಬಂದ ಮೇಲೆ ಅವಕ್ಕೆ ಕೆಲಸ ಇರಲಿಲ್ಲ. ಡಿಕ್ಷನರಿಯ ಒಂದೊಂದೇ ಪದ ನೋಡುವುದು, ಆ ಡಬ್ಬಿಯ ಅಕ್ಷರಗಳಿಂದ ಅದನ್ನು ಜೋಡಿಸುವುದು, ಜೋಡಿಸಲು ಬಂದರೆ ರೇಡಿಯಂ ಚೂರಿನಲ್ಲಿ ಕತ್ತರಿಸಿ ನಮ್ಮಿಬ್ಬರ ನಡುವಿನ ತಗಡಿಗೆ ಹಚ್ಚುವುದು. ಒಮ್ಮೆ ಕತ್ತರಿಸಿದ ಮೇಲೆ ಆ ಪದ ಅವನ ಕೈಗೆ ಮರೆಯುವುದಿಲ್ಲ. ಎಕ್ಸ್ ಇರುವ ಪದಗಳು ಮೇಲೆ, ಝಡ್ ಇರುವವು ಅದರ ಕೆಳಗೆ, ಜೆ ಇರುವವು ಬಾಗಿಲ ಕಡೆ. ಆರು ತಿಂಗಳಲ್ಲಿ ತಗಡು ಕಾಣದಷ್ಟು ಪದ ತುಂಬಿದವು. ಅರ್ಥ ಮಾತ್ರ ಒಂದರದೂ ಗೊತ್ತಿಲ್ಲ.

ಅವನ ಹೆಂಡತಿ ಕೃಷ್ಣವ್ವ ಬುತ್ತಿ ಕೊಡಲು ಬಂದಾಗ ತಗಡಿನ ಮುಂದೆ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಿದ್ದಳು. "ಇಷ್ಟು ಹಚ್ಚೀರಲ್ಲ, ಇದರಾಗ ಒಂದರ ರೊಟ್ಟಿ ಬಡಿತೈತೇನ್ರಿ?"

"ಒಬ್ಬನ್ನ ಬಡಿತಾವ ತಡಿ" ಎನ್ನುತ್ತಿದ್ದ ಅರ್ಜುನ.

ಆರು ತಿಂಗಳ ಮೇಲೆ ಮತ್ತೆ ಪಾಟಿಯ ಮೇಲೆ ಹೆಸರು ಬರೆದ. ಮಾಸ್ತರು ಒರೆಸಲು ಕೈ ಎತ್ತಿದರು. ಈ ಸಲ ವಾಚನಾಲಯ ನೋಡಿಕೊಳ್ಳುವ ಸುಭಾಸಣ್ಣ ಅಡ್ಡ ಬಂದ. ಹಿಂದಿನ ಸಲ ಸುಮ್ಮನೆ ನಿಂತಿದ್ದಕ್ಕೆ ಅವನಿಗೂ ನಾಚಿಕೆಯಾಗಿತ್ತು.

"ಬರದ ಹೆಸರು ಅಳಸಾಕ ಬರಂಗಿಲ್ರಿ ಸರ. ನೀವ ಮಾಡಿದ ನಿಯಮ ಐತಿ."

"ಆಡ್ಲಿ ಬಿಡು" ಎಂದರು ಮಾಸ್ತರು. "ಆದ್ರ ಒಂದು ಮಾತು. ಇಂವ ಇಟ್ಟ ಪ್ರತಿ ಶಬ್ದಕ್ಕ ಅರ್ಥ ಹೇಳಬೇಕು. ಹೇಳ್ಲಿಕ್ಕೆ ಬರಲಿಲ್ಲ, ಶಬ್ದ ವಾಪಸ್, ಪಾಳಿ ಹೋತು. ಅಕ್ಷರ ಕೂಡಿಸೂದು ಮಂಗ್ಯಾಗೂ ಬರ್ತದ."

ಅರ್ಜುನ ಎಲ್, ವೈ, ಎನ್, ಎಕ್ಸ್ ಇಟ್ಟ. ಒಳ್ಳೆಯ ಅಂಕದ ಪದ. ನಿಂತವರು ಹುಬ್ಬೇರಿಸಿದರು.

"ಅರ್ಥ?"

ಅರ್ಜುನ ಮೇಜು ನೋಡಿದ.

"ಒಂದು ಕಾಡಬೆಕ್ಕು ಅದು. ಬೆಕ್ಕಿಗಾದ್ರೂ ತನ್ನ ಹೆಸರು ಗೊತ್ತಿರ್ತದ" ಎಂದು ಮಾಸ್ತರು ನಾಲ್ಕೂ ಬಿಲ್ಲೆಗಳನ್ನು ಒಂದೊಂದಾಗಿ ಉಗುರಿನಿಂದ ಹಿಂದಕ್ಕೆ ತಳ್ಳಿದರು. ಮುಂದಿನ ಪದವೂ ಹಾಗೇ, ಅದರ ಮುಂದಿನದೂ ಹಾಗೇ. ಇನ್ನೊಂದು ಕಡೆ ಅವನ ಕೈಯಲ್ಲಿ ಐ ಮತ್ತು ಓ ಬಿಲ್ಲೆಗಳು ಗುಂಪು ಕಟ್ಟುತ್ತ ಹೋದವು. ಅವನ್ನು ಎಲ್ಲಿ ಇಡಬೇಕೆಂದೇ ಅವನಿಗೆ ತಿಳಿಯಲಿಲ್ಲ. ಅರ್ಧ ಗಂಟೆಯಲ್ಲಿ ಆಟ ಮುಗಿಯಿತು.

"ಏಳಪಾ" ಎಂದರು ಮಾಸ್ತರು. "ನಿನ್ನ ಟ್ರಾಕ್ಟರ ಕಾಯ್ತಿದ್ದೀತು."

ನಾನು ಅವನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಮನೆಗೆ ಬಿಟ್ಟೆ. ಇಳಿಯುವಾಗ, "ಅಂವ ಏಳಬೇಕಲೇ" ಎಂದ.

ಇದಾಗಿ ಹದಿನೈದು ದಿನಕ್ಕೆ ಕಿತ್ತೂರಿನಿಂದ ಒಂದು ಕೆಲಸ ಬಂತು. ಹೊಸದಾಗಿ ಬಣ್ಣ ಮಾಡಿಸಿದ ಮನೆಯೊಂದರ ಬಾಗಿಲಿಗೆ ಸ್ಟೀಲಿನ ಅಕ್ಷರಗಳಲ್ಲಿ ಹೆಸರು ಕೂಡಿಸುವುದು. ಡ್ರಿಲ್ ಹಿಡಿಯಲು ಜೊತೆಗೆ ನಾನೂ ಹೋದೆ. ಮನೆಯಲ್ಲಿ ಇದ್ದವರು ರಾಧಾಬಾಯಿ, ಎಂಬತ್ತರ ಹತ್ತಿರದ ಮುದುಕಿ. ಬೆನ್ನು ನೆಟ್ಟಗೆ, ಮಾತು ಚುರುಕು. ಅರ್ಜುನ ಏಣಿ ಹತ್ತುವಾಗ ಜೇಬಿನ ನೋಟ್‌ಬುಕ್ಕು ಕೆಳಗೆ ಬಿತ್ತು. ಅವರು ಎತ್ತಿಕೊಂಡು ಓದಲು ಶುರು ಮಾಡಿದರು. ಒಂದು ಪುಟ, ಎರಡು ಪುಟ, ಹತ್ತು ಪುಟ.

"ಏನೋ ಇದು? ಇಷ್ಟು ಶಬ್ದ ಬರದೀದಿ, ಒಂದರಾಗೂ ಐ ಇಲ್ಲ, ಓ ಇಲ್ಲ?"

ಅರ್ಜುನ ಏಣಿಯ ಮೇಲೆಯೇ ನಿಂತ. ನನಗೂ ಆಗಲೇ ತಿಳಿದದ್ದು. "ನಂಬರ ಪ್ಲೇಟಿನ ಡಬ್ಬ್ಯಾಗ ಅವೆರಡೂ ಇರಂಗಿಲ್ರಿ ಬಾಯಾರ" ಎಂದ. "ಒಂದು, ಸೊನ್ನಿ ಅಂತ ತಿಳಕೊಂಡಾರಂತ ಸರಕಾರದವ್ರು ನಂಬರಿನ್ಯಾಗ ಅವನ್ನ ಹಾಕಂಗಿಲ್ಲ. ಡಬ್ಬ್ಯಾಗ ಕೂಡಿ ಬರದ ಶಬ್ದ ನಾ ಬಿಟ್ಟಬಿಟ್ಟೆ."

ರಾಧಾಬಾಯಿ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವವರೆಗೆ ನಕ್ಕರು. "ಅರ್ಧ ಇಂಗ್ಲೀಷ್ ಬಿಟ್ಟು ಕಲ್ತೀದಲ್ಲೋ ಮಾರಾಯಾ. ಯಾತಕ್ಕ ಬೇಕಾಗಿತ್ತು ಇದು ನಿನಗ?"

ಅರ್ಜುನ ಇಳಿದು ಬಂದು ಎಲ್ಲ ಹೇಳಿದ. ಪಾಟಿ, ಅಂಗೈ, ಕರವಸ್ತ್ರ, ಬೆಕ್ಕು. ಮುಕುಂದ ಮಾಸ್ತರರ ಹೆಸರು ಬಂದಾಗ ಅವರ ನಗೆ ನಿಂತಿತು.

"ಮುಕುಂದ ನನ್ನ ತಮ್ಮ" ಎಂದರು.

ಅರ್ಜುನ ಸಾಮಾನು ಚೀಲಕ್ಕೆ ತುಂಬತೊಡಗಿದ. ನಾನು ಬೈಕಿನ ಕೀಲಿ ಹುಡುಕಿದೆ.

"ಎಲ್ಲಿ ಹೊಂಟ್ರಿ? ಕೂಡ್ರಿ ಇಬ್ಬರೂ" ಎಂದರು ರಾಧಾಬಾಯಿ. ಆ ದನಿಗೆ ಕೂತೆವು. "ಕ್ಯಾಲೆಂಡರಿನ ರಟ್ಟು ಕತ್ತರಿಸಿ ಅಕ್ಷರ ಮಾಡಿ ಅವಂಗ ಈ ಆಟ ಕಲಿಸಿದಾಕಿ ನಾನು. ಅವಂಗ ಆಗ ಎಂಟು ವರ್ಷ. ಮ್ಯಾಟ್ರಿಕ್ಕಿನ್ಯಾಗ ನಾ ತಾಲೂಕಿಗೆ ಮೊದಲು ಬಂದೆ. ನಮ್ಮಪ್ಪ, ಕೃಷ್ಣಾಜಿ ಅಂತ ಹೆಸರು, ಸಾಕು ಇನ್ನ ಅಂದ್ರು. ಇಂವ ಧಾರವಾಡಕ್ಕ ಹೋದ, ಹೋಗೂ ಮುಂದ ನನ್ನ ಇಂಗ್ಲೀಷ್ ವಹಿ ಎಲ್ಲಾ ತಗೊಂಡು ಹೋದ. ಹೋಗ್ಲಿ ಅದು. ಮೂರು ವರ್ಷದ ಹಿಂದ ಬೈಲಹೊಂಗಲಕ್ಕ ಅವನ ಮನಿಗೆ ಹೋಗಿದ್ದೆ. ಮುಕುಂದಾ, ನನ್ನೂ ಒಂದಿನ ವಾಚನಾಲಯಕ್ಕ ಕರಕೊಂಡು ಹೋಗೋ, ಒಂದು ಆಟ ಆಡ್ತೇನಿ ಅಂದೆ. ಏನಂದ ಗೊತ್ತದ? ಅಕ್ಕಾ, ಅಲ್ಲೆ ದೊಡ್ಡ ದೊಡ್ಡ ಮಂದಿ ಇರ್ತಾರ, ನೀ ಮನಿಯಾಗ ಚಹಾ ಮಾಡಿ ಕಳಸು ಅಂದ."

"ಏನ ಮಾಡಿದ್ರಿ ಬಾಯಾರ?" ಎಂದೆ ನಾನು.

"ಕಳಿಸಿದೆ. ಎರಡು ಥರ್ಮಾಸು."

ಅರ್ಜುನನ ಕಡೆ ತಿರುಗಿದರು. "ಅವನ ಇಂಗ್ಲೀಷ್ ಹಿಡಕೊಂಡು ಅವನ ಜೋಡಿ ಆಡಬ್ಯಾಡ. ನೂರು ವರ್ಷ ಆಡಿದ್ರೂ ಸೋಲ್ತಿ. ಅರ್ಥ ಕೇಳ್ತಾನ ಹೌದಲ್ಲ? ನಿನಗ ಅರ್ಥ ಗೊತ್ತಿದ್ದ ಶಬ್ದನ ಇಡು."

"ನನಗ್ಯಾವು ಗೊತ್ತ ಅದಾವ್ರಿ?"

"ಕ್ಯೂ ಬಂತು, ಯು ಬರಲಿಲ್ಲ. ಏನು ಮಾಡ್ತಿ?"

"ತಿರಗಿ ಚೀಲಕ್ಕ ಹಾಕತೇನ್ರಿ."

"ಹುಚ್ಚಾ. ಫಕೀರ ಅಂತ ಬರೀ."

ಅರ್ಜುನ ನನ್ನ ಮುಖ ನೋಡಿದ, ನಾನು ಅವನ ಮುಖ. ರಾಧಾಬಾಯಿ ಒಳಗಿನಿಂದ ದಪ್ಪ ಡಿಕ್ಷನರಿ ತಂದು ತೊಡೆಯ ಮೇಲೆ ಬಿಚ್ಚಿ ಬೆರಳಿಟ್ಟು ತೋರಿಸಿದರು. ಇತ್ತು. ಎಫ್, ಎ, ಕ್ಯೂ, ಐ, ಆರ್. ಸಾಹೇಬರು ಇಲ್ಲಿ ಇದ್ದಷ್ಟು ದಿನ ನಮ್ಮ ಮಾತುಗಳನ್ನು ಎತ್ತಿಕೊಂಡು ಹೋಗಿ ತಮ್ಮ ಪುಸ್ತಕದಲ್ಲಿ ಹಾಕಿಕೊಂಡಿದ್ದಾರೆ, ಇಂಥವು ನೂರಾರು ಇವೆ ಎಂದರು. ಜೋಳ ಇತ್ತು, ಅವರ ಬಾಯಲ್ಲಿ ಜೋವಾರ್ ಆಗಿ. ರೈತ ಇದ್ದ. ಲಾಠಿ, ತಾಲೂಕು, ಧೋತರ, ಘಟ್ಟ, ಬೆಲ್ಲ ಎಲ್ಲ ಇದ್ದವು.

"ಸಾಲಿ ಹುಡುಗೂರು ಇಂಥಾವು ಬರದ್ರ ಮುಕುಂದ ಕೆಂಪು ಮಸಿಯಿಂದ ಹೊಡೀತಿದ್ದ" ಎಂದರು. "ಅಡಗಿಮನಿ ಮಾತು, ಹೊಲದ ಮಾತು ಇಂಗ್ಲೀಷ್ ಆಗ್ತಾವಂತ ಅವಂಗ ಯಾವತ್ತೂ ಅನಸೂದಿಲ್ಲ. ಇನ್ನೊಂದು ಕೇಳು. ಸಣ್ಣಾಂವ ಇದ್ದಾಗಿಂದ ಅವನ ಸ್ವಭಾವ ಒಂದದ. ಎರಡು ಸಲ ತಪ್ಪಿ ಮಂದಿ ನಕ್ಕರೋ, ಮೂರನೇ ಸಲ ಬಾಯಿ ತಗಿಯೂದಿಲ್ಲ."

ಅಂದಿನಿಂದ ಪ್ರತಿ ರವಿವಾರ ನಾವಿಬ್ಬರೂ ಕಿತ್ತೂರಿಗೆ. ಎಂಟು ತಿಂಗಳು. ರಾಧಾಬಾಯಿ ಒಂದು ಅಕ್ಷರ ಹೇಳುವುದು, ಆ ಅಕ್ಷರ ಇರುವ ನಮ್ಮ ಕಡೆಯ ಪದಗಳನ್ನು ಅರ್ಜುನ ಹೇಳುವುದು, ಅವನ್ನು ಸಾಹೇಬರು ಹೇಗೆ ಬರೆದುಕೊಂಡಿದ್ದಾರೆಂದು ಅವರು ತೋರಿಸುವುದು. ಜೆ ಕೊಟ್ಟರೆ ಏನು, ಡಬ್ಲ್ಯೂ ಕೊಟ್ಟರೆ ಏನು, ವೈ ಎರಡನೆಯ ಮನೆಯಲ್ಲಿ ಬಂದರೆ ಏನು. ಬೈಲಹೊಂಗಲಕ್ಕೆ ಮರಳಿ ಬಂದ ಮೇಲೆ ಅರ್ಜುನ ಅವನ್ನು ಕತ್ತರಿಸಿ ತಗಡಿಗೆ ಹಚ್ಚುತ್ತಿದ್ದ. ಹಳೆಯ ಪದಗಳನ್ನೆಲ್ಲ ಕೆರೆದು ತೆಗೆದ. ಕೃಷ್ಣವ್ವ ಬಂದಾಗ ಒಂದೊಂದರ ಅರ್ಥ ಓದಿ ಹೇಳುತ್ತಿದ್ದ. "ಇದಕ್ಕ ಇಂಗ್ಲೀಷ್ ಅಂತಾರೇನ್ರಿ? ನಮ್ಮವ್ವನೂ ಕಲಿಸ್ತಿದ್ದಳು" ಎಂದಳು ಅವಳು.

ಹೋದ ಶ್ರಾವಣದಲ್ಲಿ ಅವನ ಹೆಸರು ಮತ್ತೆ ಪಾಟಿಯ ಮೇಲೆ ಏರಿತು. ನಾನು ಅಂಗಡಿ ಮುಚ್ಚಿ ಬಂದೆ. ಮಜಾ ನೋಡಲು ಇಪ್ಪತ್ತು ಮಂದಿ ಸೇರಿದ್ದರು.

"ಬಂದೇನಪಾ ಮತ್ತ?" ಎಂದರು ಮಾಸ್ತರು. "ಅರ್ಥದ ನಿಯಮ ನೆನಪದ ಇಲ್ಲೋ?"

"ಐತ್ರಿ ಸರ."

ಮಾಸ್ತರು ಶುರುವಿಗೇ ಒಂದು ಉದ್ದ ಪದ ಇಟ್ಟರು. ಅರ್ಜುನ ಅದರ ಎ ಹಿಡಿದು ಕೆಳಗೆ ಲಾಠಿ ಇಟ್ಟ.

"ಏನಿದು?"

"ಬಡಿಗಿ ರೀ ಸರ, ಕೋಲು. ಪೊಲೀಸರ ಕೈಯಾಗ ಇರ್ತೈತಲ್ಲ."

ನಗೆ ಎದ್ದಿತು. ಮಾಸ್ತರೂ ನಕ್ಕರು. "ಲಾಠಿ ಇಂಗ್ಲೀಷ್ ಅಲ್ಲೋ ಹುಚ್ಚಪ್ಪಾ. ತಗಿ ಅದನ್ನ."

"ತಕರಾರು ಅಂತ ಬರಕೊಳ್ಳಲೇನ್ರಿ?" ಎಂದ ಸುಭಾಸಣ್ಣ. ತಕರಾರು ಮಾಡಿದರೆ ವಾಚನಾಲಯದ ಡಿಕ್ಷನರಿ ತೆಗೆಯಬೇಕು. ಪದ ಅದರಲ್ಲಿದ್ದರೆ ತಕರಾರು ಮಾಡಿದವನ ಪಾಳಿ ಹೋಗುತ್ತದೆ.

"ಬರಕೋ."

ಸುಭಾಸಣ್ಣ ಪುಟ ತಿರುವಿದ. ನಿಂತ. ಪುಸ್ತಕವನ್ನು ಮಾಸ್ತರರ ಮುಂದೆ ಹಿಡಿದ. ಮಾಸ್ತರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

"ಪಾಳಿ ಹೋತ್ರಿ ಸರ" ಎಂದ ಸುಭಾಸಣ್ಣ.

ಅರ್ಜುನ ಆರ್, ವೈ, ಓ, ಟಿ ಇಟ್ಟ.

"ಇದು?"

"ರೈತರಿ. ನಮ್ಮಪ್ಪ."

"ರೈತ ಅನ್ನೂದನ್ನ ಯಾವ ಇಂಗ್ಲೀಷಿನವ ಹಿಂಗ ಬರೀತಾನ? ತಕರಾರು." ದನಿ ಏರಿತ್ತು. ಸುಭಾಸಣ್ಣ ಮತ್ತೆ ಪುಟ ತಿರುವಿದ. ಅದೂ ಇತ್ತು. ಈ ಸಲ ನಿಂತವರು ನಕ್ಕದ್ದು ಅರ್ಜುನನನ್ನು ನೋಡಿ ಅಲ್ಲ. ಹಿಂದಿನಿಂದ ಯಾರೋ, "ಸರ, ಈ ಶಬ್ದಕ್ಕ ನನಗ ಒಂಬತ್ತನೇತ್ತಾ ಇದ್ದಾಗ ಹೊಡದಿದ್ರಿ" ಎಂದರು. ಮಾಸ್ತರರ ಕಿವಿ ಕೆಂಪಾದವು. ಅದನ್ನು ನಾನು ಕಣ್ಣು ತುಂಬ ನೋಡಿದೆ.

ಎರಡು ಪಾಳಿ ಕಳೆದುಕೊಂಡರೂ ಅವರೇನು ಸಾಮಾನ್ಯ ಆಟಗಾರರಲ್ಲ. ಒಂದೇ ಏಟಿಗೆ ಏಳೂ ಬಿಲ್ಲೆ ಇಟ್ಟು ಮುಂದೆ ಹೋದರು. ಅರ್ಜುನ ಜೋಳ ಇಟ್ಟ. ಅರ್ಥ ಕೇಳಿದಾಗ, "ಜೋಳರಿ ಸರ. ಮುಂಜಾನೆ ಇದರ ರೊಟ್ಟಿನ ತಿಂದು ಬಂದೀರಿ ನೀವು" ಎಂದ. ಮಾಸ್ತರು ಡಿಕ್ಷನರಿಯ ಕಡೆ ನೋಡಿದರು, ಸುಭಾಸಣ್ಣನ ಕಡೆ ನೋಡಿದರು, ತಕರಾರು ಎನ್ನಲಿಲ್ಲ. ಅರ್ಜುನ ತಾಲೂಕು ಇಟ್ಟ. ಅದಕ್ಕೆ ಅರ್ಥವನ್ನೂ ಕೇಳಲಿಲ್ಲ. ಆದರೂ ಅವರ ಅಂಕವೇ ಮುಂದಿತ್ತು, ಹದಿನೇಳು ಹೆಚ್ಚು.

ಚೀಲ ಖಾಲಿಯಾಯಿತು. ಅರ್ಜುನನ ಕೈಯಲ್ಲಿ ನಾಲ್ಕು ಬಿಲ್ಲೆ ಉಳಿದಿದ್ದವು: ಝಡ್, ಯು, ಎನ್, ಎ. ನಾನು ಅವನ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ. ರಾಧಾಬಾಯಿ ಕಲಿಸಿದ ಯಾವ ಪದವೂ ಅವುಗಳಿಂದ ಆಗುತ್ತಿರಲಿಲ್ಲ. ಝಡ್ ಕೈಯಲ್ಲೇ ಉಳಿದರೆ ಹತ್ತು ಅಂಕ ಕಡಿತ. ಹಿಂದಿನ ಸಲದ ಹಾಗೆ ಆಯಿತು, ಇವನು ಮತ್ತೆ ಏಳಬೇಕು ಎಂದುಕೊಂಡೆ.

ಅರ್ಜುನ ಬಹಳ ಹೊತ್ತು ಕೂತ. ಆಮೇಲೆ ತಾಲೂಕಿನ ಕೊನೆಯ ಕೆ ಬಿಲ್ಲೆಯ ಮೇಲ್ಗಡೆ ಝಡ್, ಯು, ಎನ್, ಕೆಳಗಡೆ ಎ, ಸಾವಕಾಶ ಇಟ್ಟ.

ಮಾಸ್ತರು ಮೇಲಿನಿಂದ ಕೆಳಗೆ ಓದಿದರು. "ಝುಣಕ?"

"ಝುಣಕ ರೀ ಸರ. ಕಡ್ಲಿಹಿಟ್ಟಿಂದು. ರೊಟ್ಟಿ ಜೋಡಿ ಹಚಗೊಂಡು ತಿಂತೇವಲ್ಲ."

ಯಾರೂ ನಗಲಿಲ್ಲ. ಸುಭಾಸಣ್ಣ ಡಿಕ್ಷನರಿಯ ಮೇಲೆ ಕೈ ಇಟ್ಟುಕೊಂಡು ಕಾದ. ಮಾಸ್ತರರೊಳಗೆ ಏನು ನಡೆದಿತ್ತೆಂದು ಎಲ್ಲರಿಗೂ ಕಾಣುತ್ತಿತ್ತು. ಜೋಳದ ರೊಟ್ಟಿ ಆ ಪುಸ್ತಕದಲ್ಲಿ ಇದ್ದ ಮೇಲೆ ಝುಣಕ ಇರಬಾರದೇಕೆ. ಮೂರನೆಯ ಸಲ ಪುಸ್ತಕ ತೆಗೆಸಿ, ಮೂರನೆಯ ಸಲ ಮಂದಿ ನಕ್ಕರೆ ಆ ಊರಲ್ಲಿ ತಲೆ ಎತ್ತುವುದು ಹೇಗೆ.

"ಅಂಕ ಬರಕೋ" ಎಂದರು, ಕೆಳಗೆ ನೋಡುತ್ತ.

ಬಿಲ್ಲೆ ಎಲ್ಲ ಖಾಲಿ ಮಾಡಿದವನು ಅರ್ಜುನ, ಆಟ ಮುಗಿಯಿತು. ಸುಭಾಸಣ್ಣ ಎರಡು ಸಲ ಕೂಡಿಸಿದ. ಮಾಸ್ತರರ ಕೈಯಲ್ಲಿ ಉಳಿದ ಬಿಲ್ಲೆಗಳನ್ನು ಕಳೆದು ಹೇಳಿದ. ಅರ್ಜುನ ಮೂರು ಅಂಕ ಮುಂದೆ.

"ಏಳ್ರಿ ಸರ" ಎಂದ ಅರ್ಜುನ. ಜೋರಾಗಿ ಅಲ್ಲ. ಒಂದು ವರ್ಷದ ಮೇಲಿನಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು.

ಮುಕುಂದ ಮಾಸ್ತರು ಮೇಜಿಗೆ ಕೈ ಊರಿ ಎದ್ದರು. ಯಾರೋ ಹಿಡಿಯಲು ಹೋದರು, ಬೇಡವೆಂದರು. ಆಗ ನಿನಗೆ ಪಾಪ ಅನ್ನಿಸಲಿಲ್ಲವೇ ಎಂದು ನನ್ನನ್ನು ಕೆಲವರು ಕೇಳಿದ್ದಾರೆ. ಇಲ್ಲ, ಅನ್ನಿಸಲಿಲ್ಲ. ಅರ್ಜುನ ಸುತ್ತು ಹಾಕಿ ಹೋಗಿ ಕಿಟಕಿ ಕಡೆಯ ಕುರ್ಚಿಯಲ್ಲಿ ಕೂತ. ಕುರ್ಚಿ ಬೆಚ್ಚಗಿತ್ತೆಂದು ಆಮೇಲೆ ನನಗೆ ಹೇಳಿದ.

ಮಾಸ್ತರು ನೇರ ಹೋಗಿ ಡಿಕ್ಷನರಿ ಎತ್ತಿಕೊಂಡು ಕೊನೆಯ ಪುಟಗಳನ್ನು ತಿರುವಿದರು. ಝಡ್ ಇರುವ ಪುಟಗಳು ಬಹಳ ಇಲ್ಲ. ಬೇಗ ಮುಗಿದವು.

"ಇಲ್ಲ ಇದು" ಎಂದರು. "ಝುಣಕ ಇಲ್ಲ ಇದರಾಗ."

"ಇಲ್ರಿ" ಎಂದ ಅರ್ಜುನ. "ನನಗೂ ಗೊತ್ತೈತಿ. ಅಂಕ ಬರಿಯೂಕಿಂತ ಮೊದಲ ತಕರಾರು ಮಾಡಬೇಕಾಗಿತ್ತು."

ಮಾಸ್ತರು ಸುಭಾಸಣ್ಣನನ್ನು ನೋಡಿದರು. ಅವನು ನೆಲ ನೋಡುತ್ತ, "ನಿಯಮ ನಿಮ್ದ ಐತ್ರಿ ಸರ" ಎಂದ.

"ಇನ್ನೊಂದು ಆಟ ಆಡೂಣು."

"ಹೆಸರು ಬರೀರಿ. ನಿಮ್ಮ ಪಾಳಿ ಬಂದಾಗ ಆಡೂಣಂತ."

ಬರೆಯದೆ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ, ಆ ಕುರ್ಚಿ ಇನ್ನೊಬ್ಬರದಾಗುವುದನ್ನು ಅವರ ಜೀವ ತಡೆಯಲಿಲ್ಲ. ಆದರೆ ಅವರು ಸೀಮೆಸುಣ್ಣ ಹುಡುಕುವುದರೊಳಗೆ, ಇಷ್ಟು ವರ್ಷ ಹೆಸರು ಬರೆಯುವುದನ್ನೇ ಬಿಟ್ಟಿದ್ದವರೆಲ್ಲ ಮುನ್ನುಗ್ಗಿ ಬರೆದರು. ಪಾಟಿ ಕೆಳಗಿನ ತನಕ ತುಂಬಿತು. ಮಾಸ್ತರರ ಹೆಸರು ಹದಿನಾಲ್ಕನೆಯದು. ದಿನಕ್ಕೆ ಎರಡೇ ಆಟ ಆಗುತ್ತವೆ. ಪಾಟಿಯಲ್ಲಿ ಹೆಸರಿದ್ದವನು ಆಟದ ಹೊತ್ತಿಗೆ ಹಾಜರಿಲ್ಲದಿದ್ದರೆ ಹೆಸರು ಹೋಗುತ್ತದೆ, ಇದೂ ಅವರದೇ ನಿಯಮ. ಹಾಗಾಗಿ ದಿನಾ ಐದರಿಂದ ಎಂಟರ ತನಕ ಮುಕುಂದ ಮಾಸ್ತರು ಗೋಡೆಗೆ ನಿಂತರು. ಅರ್ಜುನ ಅವರ ಮುಂದೆ ಕೂತು ಒಂದೊಂದು ಬಿಲ್ಲೆಯನ್ನೂ ನಿಧಾನವಾಗಿ ಇಟ್ಟ. ಎದುರು ಬಂದವರೆಲ್ಲ ಬೇಕೆಂದೇ ಅವನಿಗೆ ಸೋತರೋ, ನಿಜವಾಗಿ ಸೋತರೋ, ನನಗೆ ಇಂದಿಗೂ ತಿಳಿಯದು.

ಆ ವಾರದ ರವಿವಾರ ಕಿತ್ತೂರಿಗೆ ಹೋದೆವು. ಅರ್ಜುನ ಆಟವನ್ನೆಲ್ಲ ಮೊದಲಿನಿಂದ ಹೇಳಿದ. ಝುಣಕಕ್ಕೆ ಬಂದಾಗ ರಾಧಾಬಾಯಿ ಕೈಯೆತ್ತಿ ನಿಲ್ಲಿಸಿದರು. "ಅದನ್ನ ನಾ ಕಲಿಸಿದ್ದಿಲ್ಲ."

"ಇಲ್ರಿ. ಅದು ನಂದು."

ತಲೆ ಆಡಿಸಿದರು. "ಆಮ್ಯಾಲೆ? ಎದ್ದು ಎಲ್ಲಿ ನಿಂತ?"

"ಕಪಾಟಿನ ಬಾಜೂಕ ರೀ."

"ಎಷ್ಟೊತ್ತು?"

"ಎಂಟು ಹೊಡಿಯೂ ಮಟಾ. ದಿನಾ. ನಾಕು ದಿನ ಆತು, ಇನ್ನ ಮೂರು ದಿನಕ್ಕ ಪಾಳಿ ಬರತೈತಿ."

"ಮೂರು ದಿನ." ಅವರು ಬೆರಳು ಮಡಚಿದರು. "ಅಂವ ಸುಮ್ಮನ ಇರೂದಿಲ್ಲ. ಈಗ ಮನಿಯಾಗ ಕೂತು ನಮ್ಮ ಕಡೆ ಶಬ್ದ ಎಲ್ಲಾ ಪಾಠ ಮಾಡ್ಲಿಕ್ಕೆ ಹತ್ತಿರ್ತಾನ. ಅವು ಇನ್ನ ನಡಿಯೂದಿಲ್ಲ. ನೋಟಬುಕ್ಕು ತಗೀ. ಇವತ್ತ ಸಮುದ್ರದವು, ಹಡಗಿನವು ಬರಸ್ತೇನಿ. ಆ ಕಡೆ ಅವನ ಕಣ್ಣು ಹೋಗೂದಿಲ್ಲ."

ಅರ್ಜುನ ನೋಟ್‌ಬುಕ್ಕು ತೆಗೆದ. ಪೆನ್ನಿನ ಟೊಪ್ಪಿಗೆ ಹಲ್ಲಿನಿಂದ ಎಳೆದು, ಸ್ವಲ್ಪ ತಡೆದು ಕೇಳಿದ: "ಬಾಯಾರ, ಯಾರ ಕಡೆ ಕಲ್ತಿ ಅಂತ ಎಲ್ಲಾರೂ ಕೇಳಾಕ ಹತ್ಯಾರ. ಸರ ನಿಂತಲ್ಲೇ ಕಿವಿ ಕೊಟ್ಟು ಕೇಳತಿರ್ತಾರ. ನಿಮ್ಮ ಹೆಸರು ಹೇಳಲೇನ್ರಿ?"

ರಾಧಾಬಾಯಿ ಡಿಕ್ಷನರಿ ತೊಡೆಗೆ ಎಳೆದುಕೊಂಡು ಪುಟ ಹುಡುಕುತ್ತಿದ್ದರು. ತಲೆ ಎತ್ತಲಿಲ್ಲ.

"ಈಗ ಬ್ಯಾಡ" ಎಂದರು. "ಇನ್ನೊಂದು ಸಲ ಏಳಲಿ. ಆಮ್ಯಾಲೆ ಹೇಳು."